ಹಡಗಿನ ಪಾನೀಯ ಪ್ಯಾಕೇಜ್ ಕೊಳ್ಳುವ ಮುನ್ನ

ದೀಪಾವಳಿಯಿಂದ ಲಾಭಪಂಚಮಿಯವರೆಗೆ ಸೂರತ್ತಿನ ಜವಳಿ ಮಾರುಕಟ್ಟೆ ಬಾಗಿಲು ಹಾಕುತ್ತದೆ, ಅಹಮದಾಬಾದಿನ ರಸ್ತೆಗಳು ಬರಿದಾಗುತ್ತವೆ, ಶಾಲೆಗಳಿಗೆ ದೀರ್ಘ ರಜೆ ದೊರೆಯುತ್ತದೆ. ಗುಜರಾತಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳು ಈ ಅವಧಿಯಲ್ಲಿ ಬಹುಕಾಲದಿಂದ ಊರಿಗೆ ಹೋಗಿಬರುವುದನ್ನೇ ಪ್ರವಾಸವೆಂದು ಭಾವಿಸಿದ್ದವು. ಧಾರವಾಡದಲ್ಲಿ ಎರಡು ದಿನ, ಉಡುಪಿಯಲ್ಲಿ ಎರಡು ದಿನ, ಬೆಂಗಳೂರಿನ ನೆಂಟರ ಮನೆಯಲ್ಲಿ ಒಂದು ರಾತ್ರಿ. ಅಷ್ಟಕ್ಕೆ ರಜೆ ಮುಗಿಯುತ್ತಿತ್ತು. ಈಚಿನ ವರ್ಷಗಳಲ್ಲಿ ಇದಕ್ಕೊಂದು ಹೊಸ ಸೇರ್ಪಡೆಯಾಗಿದೆ. ಅದೇ ಕ್ರೂಸ್ ಹಡಗಿನ ವಿಹಾರ. ಮುಂಬಯಿಯಿಂದ ಹೊರಟು ಗೋವಾ ಅಥವಾ ಲಕ್ಷದ್ವೀಪ ನೋಡಿಬರುವವರು ಒಂದಷ್ಟು ಮಂದಿ. ಅಹಮದಾಬಾದಿನಿಂದ ಸಿಂಗಪುರಕ್ಕೆ ವಿಮಾನದಲ್ಲಿ ಹಾರಿ, ಅಲ್ಲಿ ದೊಡ್ಡ ಹಡಗನ್ನೇರುವವರು ಇನ್ನೊಂದಷ್ಟು ಮಂದಿ.

ಟಿಕೆಟ್ಟು ಕಾದಿರಿಸಿ ಹಣ ಪಾವತಿಸಿದೆವೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಕಂಪನಿಯಿಂದ ಇನ್ನೊಂದು ಆಹ್ವಾನ ಬರುತ್ತದೆ. ‘ಪಾನೀಯ ಪ್ಯಾಕೇಜ್ ಈಗಲೇ ಕೊಂಡರೆ ರಿಯಾಯಿತಿ’ ಎಂಬ ಒಕ್ಕಣೆ. ದಿನಕ್ಕಿಷ್ಟು ಎಂದು ಮುಂಗಡವಾಗಿ ಕೊಟ್ಟರೆ ಹಡಗಿನಲ್ಲಿರುವಷ್ಟು ದಿನ ಬೇಕಾದಷ್ಟು ಕುಡಿಯಬಹುದು ಎಂಬುದು ಅದರ ಸಾರ. ಪಾನನಿಷೇಧವಿರುವ ರಾಜ್ಯದಲ್ಲಿ ಬಾಳುವ ನಮಗೆ ಇದೇನು ಸಂಬಂಧವೆಂದು ಕೆಲವರು ಹುಬ್ಬೇರಿಸಬಹುದು. ಆದರೆ ಈ ಪ್ಯಾಕೇಜಿನಲ್ಲಿ ಮದ್ಯವಷ್ಟೇ ಅಲ್ಲ. ಕಾಫಿ, ಹಣ್ಣಿನ ರಸ, ತಂಪು ಪಾನೀಯ, ಕೊನೆಗೆ ಬಾಟಲಿ ನೀರೂ ಇದೆ. ಹಾಗೂ ಮುಂದೆ ವಿವರಿಸಲಿರುವಂತೆ, ಮದ್ಯವನ್ನು ಮುಟ್ಟದವರ ಹೆಸರಿನಲ್ಲಿಯೂ ಮದ್ಯದ ಹಣ ವಸೂಲಾಗುವ ನಿಯಮವೊಂದು ಇದರೊಳಗೆ ಅಡಗಿದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಓದುಗರ ಮುಂದಿಡುತ್ತಿದ್ದೇವೆ.

ಯಾವ ಹಡಗುಗಳ ಮಾತು?

ಭಾರತದ ತೀರದಲ್ಲಿ ಈಗ ನಮಗೆ ಹತ್ತಿರವಾಗಿರುವುದು ಕಾರ್ಡೇಲಿಯಾ ಕ್ರೂಸಸ್. 2021ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಸಂಚಾರ ಆರಂಭಿಸಿದ ಈ ಕಂಪನಿಯ ‘ಎಂಪ್ರೆಸ್’ ಹಡಗು ಹೊಸದೇನಲ್ಲ. 1990ರಲ್ಲಿ ರಾಯಲ್ ಕೆರಿಬಿಯನ್ ಕಂಪನಿಗಾಗಿ ‘ನಾರ್ಡಿಕ್ ಎಂಪ್ರೆಸ್’ ಎಂಬ ಹೆಸರಿನಲ್ಲಿ ಸಂಚಾರ ಆರಂಭಿಸಿದ್ದು. ಪ್ರಯಾಣಿಕರಲ್ಲಿ ಗುಜರಾತಿನವರ ಸಂಖ್ಯೆ ಗಣನೀಯವಾಗಿರುವುದರಿಂದ ಸಸ್ಯಾಹಾರಕ್ಕೂ ಜೈನ ಊಟಕ್ಕೂ ಅಲ್ಲಿ ಕೊರತೆಯಿಲ್ಲ. 2023ರ ನವೆಂಬರಿನಲ್ಲಿ ಇಟಲಿಯ ಕೋಸ್ಟಾ ಕಂಪನಿಯೂ ತನ್ನ ‘ಕೋಸ್ಟಾ ಸೆರೆನಾ’ ಹಡಗನ್ನು ಮುಂಬಯಿಗೆ ತಂದು ಒಂದು ಋತುವಿನ ಮಟ್ಟಿಗೆ ನಮ್ಮ ಕರಾವಳಿಯಲ್ಲಿ ಓಡಿಸಿತ್ತು. ಮುಂಬಯಿಯ ಇಂದಿರಾ ಡಾಕಿನ ಹೊಸ ಅಂತಾರಾಷ್ಟ್ರೀಯ ಕ್ರೂಸ್ ಟರ್ಮಿನಲ್ಲನ್ನು ಪ್ರಧಾನಮಂತ್ರಿಗಳು 2025ರ ಸೆಪ್ಟೆಂಬರ್ 20ರಂದು ಉದ್ಘಾಟಿಸಿದ್ದು ನಮ್ಮ ಭಾವನಗರದ ಸಭೆಯಿಂದಲೇ ಎಂಬುದು ಓದುಗರಿಗೆ ನೆನಪಿರಬಹುದು. ಸಿಂಗಪುರದಿಂದ ರಾಯಲ್ ಕೆರಿಬಿಯನ್ ಕಂಪನಿಯ ಹಡಗುಗಳೂ, 2022ರಿಂದ ರೆಸಾರ್ಟ್ಸ್ ವರ್ಲ್ಡ್ ಕ್ರೂಸಸ್ ಕಂಪನಿಯ ‘ಗೆಂಟಿಂಗ್ ಡ್ರೀಮ್’ ಹಡಗೂ ಹೊರಡುತ್ತ ಬಂದಿವೆ. ಅಮೆರಿಕದಲ್ಲಿ ಮಕ್ಕಳಿರುವ ನಮ್ಮ ಹಿರಿಯರು ಅಲ್ಲಿಗೆ ಹೋದಾಗ ಫ್ಲಾರಿಡಾದಿಂದ ಹೊರಡುವ ಹಡಗುಗಳನ್ನೂ ಹತ್ತುವುದುಂಟು.

ಕಂಪನಿ ಯಾವುದೇ ಇರಲಿ, ವ್ಯಾಪಾರದ ಕ್ರಮ ಬಹುಮಟ್ಟಿಗೆ ಒಂದೇ. ಪ್ರಯಾಣದರದಲ್ಲಿ ಕ್ಯಾಬಿನ್, ಊಟ, ಉಪಾಹಾರ, ಮನರಂಜನೆ ಸೇರಿರುತ್ತವೆ. ಬಾರಿನಲ್ಲಿ ಕುಡಿಯುವುದಕ್ಕೆ ಬೇರೆ ಹಣ. ಹಡಗಿನೊಳಗೆ ಪ್ರಯಾಣಿಕನು ಮಾಡುವ ಈ ಬಗೆಯ ಖರ್ಚು ಕಂಪನಿಗಳಿಗೆ ಎಷ್ಟು ಮುಖ್ಯವೆಂದರೆ, 2023ರಲ್ಲಿ ರಾಯಲ್ ಕೆರಿಬಿಯನ್ ಸಮೂಹದ ಒಟ್ಟು ಆದಾಯ ಸುಮಾರು 1,390 ಕೋಟಿ ಡಾಲರ್ ಆಗಿದ್ದು, ಅದರಲ್ಲಿ ಸುಮಾರು 430 ಕೋಟಿ ಡಾಲರ್ ಟಿಕೆಟ್ಟಿನಿಂದಲ್ಲದೆ ಹಡಗಿನೊಳಗಿನ ಹಾಗೂ ಇತರ ಮಾರಾಟದಿಂದ ಬಂದದ್ದು. ಅಂದರೆ ಹತ್ತರಲ್ಲಿ ಮೂರು ಪಾಲು. ಟಿಕೆಟ್ಟು ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಪುಕ್ಕಟೆ ಸಿಗುವುದನ್ನು ಮೊದಲು ತಿಳಿಯೋಣ

ಪ್ಯಾಕೇಜಿನ ಬೆಲೆಯನ್ನು ನೋಡುವ ಮುನ್ನ, ಪ್ಯಾಕೇಜ್ ಇಲ್ಲದೆಯೇ ಏನೇನು ದೊರೆಯುತ್ತದೆಂದು ತಿಳಿದಿರುವುದು ಅಗತ್ಯ. ದೊಡ್ಡ ಕಂಪನಿಗಳ ಹಡಗುಗಳಲ್ಲಿ ಕುಡಿಯುವ ನೀರು, ಸಾಧಾರಣ ಚಹಾ ಮತ್ತು ಕಾಫಿ, ಹಾಲು, ಬೆಳಗಿನ ಉಪಾಹಾರದ ವೇಳೆಯ ಹಣ್ಣಿನ ರಸ, ಹಲವೆಡೆ ನಿಂಬೆ ಪಾನಕ ಇವೆಲ್ಲ ಊಟದ ಸಭಾಂಗಣದಲ್ಲಿ ಉಚಿತ. ನೀರಿನ ವಿಷಯದಲ್ಲಿ ನಮ್ಮವರಿಗೆ ಅಪನಂಬಿಕೆ ಹೆಚ್ಚು. ಮೊಹರು ಹಾಕಿದ ಬಾಟಲಿಯೇ ಬೇಕೆನ್ನುತ್ತಾರೆ. ಆಧುನಿಕ ಹಡಗುಗಳು ಸಮುದ್ರದ ನೀರನ್ನು ಭಟ್ಟಿ ಇಳಿಸಿಯೋ ರಿವರ್ಸ್ ಆಸ್ಮೋಸಿಸ್ ವಿಧಾನದಿಂದಲೋ ಶುದ್ಧೀಕರಿಸಿ, ಕ್ಲೋರಿನ್ ಬೆರೆಸಿ ಕುಡಿಯಲು ಒದಗಿಸುತ್ತವೆ. ನಮ್ಮ ಮನೆಗಳಲ್ಲಿ ಗೋಡೆಗೆ ತೂಗುಹಾಕಿರುವ ಯಂತ್ರ ಮಾಡುವ ಕೆಲಸವೇ ಅದು, ದೊಡ್ಡ ಪ್ರಮಾಣದಲ್ಲಿ. ಮನೆಯಿಂದ ಒಯ್ದ ಸ್ಟೀಲ್ ಬಾಟಲಿಯಲ್ಲಿ ಅದನ್ನು ತುಂಬಿಸಿಕೊಂಡರೆ ಬಾಟಲಿ ನೀರಿನ ಖರ್ಚು ಪೂರ್ತಿ ಉಳಿಯುತ್ತದೆ.

ಉಚಿತವಲ್ಲದ್ದು ಯಾವುದೆಂದರೆ: ಕ್ಯಾಪುಚಿನೋ ಮೊದಲಾದ ಯಂತ್ರದ ಕಾಫಿಗಳು, ಆಗತಾನೇ ಹಿಂಡಿದ ರಸ, ಕೋಲಾ ಜಾತಿಯ ಪಾನೀಯಗಳು, ಮಾಕ್‌ಟೇಲ್, ಬಾಟಲಿ ನೀರು, ಮತ್ತು ಮದ್ಯ. ಇವುಗಳಿಗಾಗಿ ಸಾಮಾನ್ಯವಾಗಿ ಮೂರು ಮಟ್ಟದ ಪ್ಯಾಕೇಜುಗಳಿರುತ್ತವೆ. ಕೋಲಾ ಮಾತ್ರ ಇರುವುದು ಒಂದು. ಮದ್ಯವಿಲ್ಲದ ಎಲ್ಲವೂ ಇರುವುದು ಇನ್ನೊಂದು. ಮದ್ಯವೂ ಸೇರಿದ್ದು ಮೂರನೆಯದು. ಬೆಲೆ ಪ್ರತಿಯೊಬ್ಬರಿಗೆ, ಪ್ರತಿ ದಿನಕ್ಕೆ. ಒಂದು ದಿನಕ್ಕೆ ಮಾತ್ರ ಕೊಳ್ಳುತ್ತೇವೆ, ಉಳಿದ ದಿನ ಬೇಡ ಎಂದರೆ ಬಹುತೇಕ ಕಂಪನಿಗಳು ಒಪ್ಪುವುದಿಲ್ಲ. ಪ್ರಯಾಣದ ಇಡೀ ಅವಧಿಗೆ ಕೊಳ್ಳತಕ್ಕದ್ದು. ಬೆಳಗ್ಗೆ ಇಳಿದು ಸಂಜೆಯವರೆಗೆ ಗೋವಾದ ದೇವಾಲಯಗಳನ್ನೋ ಪುಕೆಟ್ಟಿನ ಕಡಲತೀರವನ್ನೋ ನೋಡಿಬರುವ ದಿನದ ಹಣವೂ ಅದರಲ್ಲಿ ಸೇರಿದೆ.

ಲೆಕ್ಕ ಹೀಗೆ

ಬೆಲೆಗಳು ಹಡಗಿನಿಂದ ಹಡಗಿಗೆ, ವಾರದಿಂದ ವಾರಕ್ಕೆ ಬದಲಾಗುತ್ತವೆ. ಆದುದರಿಂದ ಕೆಳಗಿನ ಅಂಕಿಗಳನ್ನು ಉದಾಹರಣೆಯೆಂದು ಮಾತ್ರ ಭಾವಿಸಿ, ನಿಮ್ಮ ಹಡಗಿನ ಅಂಕಿಗಳನ್ನು ಅದೇ ಸ್ಥಾನದಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ.

ಮದ್ಯ ಸೇರಿದ ಪ್ಯಾಕೇಜ್ ದಿನಕ್ಕೆ 70 ಡಾಲರ್ ಎಂದಿಟ್ಟುಕೊಳ್ಳೋಣ. ಜಾಹೀರಾತಿನಲ್ಲಿ ಕಾಣುವುದು ಇಷ್ಟೇ. ಇದರ ಮೇಲೆ ಟಿಪ್ಸ್ ರೂಪದ ಸೇವಾಶುಲ್ಕವೆಂದು ಶೇ. 18ರಿಂದ 20ರಷ್ಟು ತಾನಾಗಿಯೇ ಸೇರುತ್ತದೆ. ಶೇ. 18 ಎಂದು ಹಿಡಿದರೆ ನಿಜವಾದ ಬೆಲೆ 82.60 ಡಾಲರ್. ಇನ್ನು ಬಿಡಿಯಾಗಿ ಕೊಂಡರೆ ಒಂದು ಕಾಕ್‌ಟೇಲಿಗೆ 14 ಡಾಲರ್, ಸೇವಾಶುಲ್ಕ ಸೇರಿ 16.52. ಒಂದನ್ನೊಂದರಿಂದ ಭಾಗಿಸಿದರೆ ಸರಿಯಾಗಿ ಐದು. ಅಂದರೆ ದಿನವೂ ಐದು ಕಾಕ್‌ಟೇಲ್ ಕುಡಿದರೆ ಹಾಕಿದ ಹಣ ಬಂದಂತೆ, ಆರನೆಯದರಿಂದ ಲಾಭ. ಅದೇ ಪ್ಯಾಕೇಜಿನಲ್ಲಿ ಕಾಫಿ, ನೀರು ಸೇರಿರುವುದರಿಂದ ಅದನ್ನೂ ಕಳೆಯುವುದು ನ್ಯಾಯ. ದಿನಕ್ಕೆ ಎರಡು ಕ್ಯಾಪುಚಿನೋ, ತಲಾ 5 ಡಾಲರ್, ಒಂದು ಬಾಟಲಿ ನೀರು 4 ಡಾಲರ್, ಸೇವಾಶುಲ್ಕದೊಡನೆ 16.52. ಆಗಲೂ ದಿನಕ್ಕೆ ನಾಲ್ಕು ಕಾಕ್‌ಟೇಲ್ ಕುಡಿಯಲೇಬೇಕು. ಬಿಯರ್ ಮಾತ್ರ ಕುಡಿಯುವವರಿಗೆ ಈ ಪ್ಯಾಕೇಜ್ ಇನ್ನೂ ದುಬಾರಿ. ಬಾಟಲಿಗೆ 8 ಡಾಲರ್ ಆದರೆ ದಿನಕ್ಕೆ ಒಂಬತ್ತು ಬಾಟಲಿಯಾದಾಗ ಮಾತ್ರ ಸಮನಾಗುತ್ತದೆ.

ಮಿತಿಯೇ ಇಲ್ಲವೆಂಬ ಮಾತೂ ಪೂರ್ತಿ ನಿಜವಲ್ಲ. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ನಿಗದಿತ ಬೆಲೆಯವರೆಗಿನ ಪಾನೀಯಕ್ಕೆ ಮಾತ್ರ ಪ್ಯಾಕೇಜ್ ಅನ್ವಯಿಸುತ್ತದೆ, ಮೀರಿದರೆ ವ್ಯತ್ಯಾಸ ಕೊಡಬೇಕು. ಕಾರ್ನಿವಲ್ ಕಂಪನಿಯಲ್ಲಿ 24 ಗಂಟೆಗೆ 15 ಮದ್ಯಪಾನೀಯಗಳ ಮಿತಿಯಿದೆ. ಹದಿನೈದನ್ನು ಮಿತಿಯೆಂದು ಕರೆಯುವುದು ಅವರಿಗೇ ಸರಿ! ಒಬ್ಬರ ಪ್ಯಾಕೇಜಿನ ಮೇಲೆ ಇನ್ನೊಬ್ಬರಿಗೆ ತಂದುಕೊಡುವುದಂತೂ ಎಲ್ಲೆಡೆ ನಿಷಿದ್ಧ. ಸಿಕ್ಕಿಬಿದ್ದರೆ ಪ್ಯಾಕೇಜ್ ರದ್ದಾಗಬಹುದು.

‘ಉಚಿತ’ ಎಂಬ ಪದದ ಬಗೆಗೂ ಎರಡು ಮಾತು. ನಾರ್ವೇಜಿಯನ್ ಕಂಪನಿಯು ಟಿಕೆಟ್ಟಿನೊಡನೆ ಪಾನೀಯ ಪ್ಯಾಕೇಜನ್ನು ಉಚಿತ ಕೊಡುಗೆಯೆಂದು ಬಹಳ ವರ್ಷ ನೀಡಿತು. ಆದರೆ ಪ್ಯಾಕೇಜಿನ ಘೋಷಿತ ಬೆಲೆಯ ಮೇಲಿನ ಸೇವಾಶುಲ್ಕವನ್ನು ಪ್ರಯಾಣಿಕನೇ ಕೊಡಬೇಕಾಗಿತ್ತು; ಅದು ಒಬ್ಬರಿಗೆ ದಿನಕ್ಕೆ 20 ಡಾಲರಿನ ಆಸುಪಾಸು. ಏಳು ದಿನಗಳಿಗೆ ದಂಪತಿಗಳ ‘ಉಚಿತ’ ಬಾಬ್ತು 280 ಡಾಲರ್ ಆಯಿತು. ಇಂಥ ಕೊಡುಗೆ ಬಂದಾಗ, ಇದನ್ನು ತೆಗೆದುಹಾಕಿದರೆ ಒಟ್ಟು ಬಿಲ್ಲು ಎಷ್ಟು ಕಡಿಮೆಯಾಗುತ್ತದೆಂದು ಟ್ರಾವೆಲ್ ಏಜೆಂಟರನ್ನು ಕೇಳುವುದು ಉತ್ತಮ. ವಿದೇಶೀ ಕರೆನ್ಸಿಯಲ್ಲಿ ಕ್ರೆಡಿಟ್ ಕಾರ್ಡ್ ಬಳಸಿದಾಗ ಬಹುತೇಕ ಬ್ಯಾಂಕುಗಳು ಶೇ. 2ರಿಂದ 3.5ರಷ್ಟು ಶುಲ್ಕವನ್ನೂ, ಅದರ ಮೇಲೆ ಜಿ.ಎಸ್.ಟಿ.ಯನ್ನೂ ಹಾಕುತ್ತವೆ ಎಂಬುದನ್ನು ಇದರೊಡನೆ ನೆನಪಿಡಬೇಕು.

ಒಂದು ಕೋಣೆ, ಒಂದು ಪ್ಯಾಕೇಜ್

ನಾವು ಮೊದಲಿಗೆ ಸೂಚಿಸಿದ ನಿಯಮಕ್ಕೆ ಈಗ ಬರೋಣ. ಒಂದು ಕ್ಯಾಬಿನ್ನಿನಲ್ಲಿ ಒಬ್ಬ ವಯಸ್ಕನು ಮದ್ಯದ ಪ್ಯಾಕೇಜ್ ಕೊಂಡರೆ ಅದೇ ಕ್ಯಾಬಿನ್ನಿನ ಉಳಿದ ವಯಸ್ಕರೂ ಅದನ್ನೇ ಕೊಳ್ಳಬೇಕೆಂದು ರಾಯಲ್ ಕೆರಿಬಿಯನ್, ಕಾರ್ನಿವಲ್ ಮೊದಲಾದ ಕಂಪನಿಗಳು ವಿಧಿಸಿವೆ. ಒಬ್ಬರು ಕೊಂಡು ಇಬ್ಬರು ಕುಡಿಯದಿರಲಿ ಎಂಬುದು ಅವರ ಸಮರ್ಥನೆ. ವ್ಯಾಪಾರದ ದೃಷ್ಟಿಯಿಂದ ಅದು ಅರ್ಥವಾಗತಕ್ಕದ್ದೇ. ಆದರೆ ನಮ್ಮ ಕುಟುಂಬಗಳಿಗೆ ಅದು ಅನ್ವಯವಾಗುವ ಬಗೆಯೇ ಬೇರೆ.

ನಮ್ಮಲ್ಲಿ ಪತಿ ಅಪರೂಪಕ್ಕೊಮ್ಮೆ ಒಂದು ಲೋಟ ಬಿಯರ್ ಕುಡಿಯುವವರು, ಪತ್ನಿ ವಾಸನೆಯನ್ನೂ ಸಹಿಸದವರು ಆಗಿರುವುದು ಸಾಮಾನ್ಯ. (ಪತ್ನಿ ಕುಡಿದು ಪತಿ ಕುಡಿಯದ ಮನೆಗಳೂ ಇದ್ದಾವು, ಲೆಕ್ಕ ಬದಲಾಗುವುದಿಲ್ಲ.) ಮೇಲಿನ ಬೆಲೆಯಂತೆ ಇಬ್ಬರ ಪ್ಯಾಕೇಜಿಗೆ ದಿನಕ್ಕೆ 165.20 ಡಾಲರ್. ಕುಡಿಯದವರು ಎರಡು ಕ್ಯಾಪುಚಿನೋ, ಒಂದು ಬಾಟಲಿ ನೀರು, 8 ಡಾಲರಿನ ಒಂದು ಮಾಕ್‌ಟೇಲ್ ತೆಗೆದುಕೊಂಡರೆ 25.96 ಡಾಲರ್ ವಸೂಲಾಯಿತು. ಕುಡಿಯುವವರ ಕಾಫಿ ಮತ್ತು ನೀರಿನದು 16.52. ಉಳಿದ 122.72 ಡಾಲರ್ ವಸೂಲಾಗಬೇಕಾದರೆ ಕುಡಿಯುವ ಒಬ್ಬರು ದಿನಕ್ಕೆ ಎಂಟು ಕಾಕ್‌ಟೇಲ್ ಮುಗಿಸಬೇಕು. ನಾಲ್ಕು ರಾತ್ರಿಗಳ ಪ್ರಯಾಣಕ್ಕೆ ಈ ದಂಪತಿಗಳ ಪ್ಯಾಕೇಜ್ 660.80 ಡಾಲರ್, ಲೆಕ್ಕದ ಅನುಕೂಲಕ್ಕೆ ಡಾಲರಿಗೆ 90 ರೂಪಾಯಿ ಎಂದರೆ 59,472 ರೂಪಾಯಿ. ಇದೇ ದಂಪತಿಗಳು ಪ್ಯಾಕೇಜ್ ಕೊಳ್ಳದೆ, ಅದೇ ಕಾಫಿ, ನೀರು, ಮಾಕ್‌ಟೇಲ್ ಹಾಗೂ ದಿನಕ್ಕೆ ಎರಡು ಕಾಕ್‌ಟೇಲನ್ನು ಬಿಡಿಯಾಗಿ ಕೊಂಡರೆ ಆಗುವುದು 302.08 ಡಾಲರ್, ಅಂದರೆ 27,187 ರೂಪಾಯಿ. ಯಾವುದನ್ನೂ ಬಿಟ್ಟುಕೊಡದೆ 32,000 ರೂಪಾಯಿಗೂ ಮಿಕ್ಕಿ ಉಳಿಯಿತು. ಅಹಮದಾಬಾದಿನಿಂದ ಬೆಂಗಳೂರಿಗೆ ಇಡೀ ಕುಟುಂಬ ಹೋಗಿಬರುವ ರೈಲು ಖರ್ಚು ಅದರಲ್ಲಿದೆ.

ಮಕ್ಕಳು ಬೆಳೆದಿದ್ದರೆ ಸಂಗತಿ ಇನ್ನೂ ತೊಡಕು. ಮದ್ಯಪಾನದ ಕನಿಷ್ಠ ವಯಸ್ಸು ಊರಿಂದೂರಿಗೆ ಬೇರೆ. ಮಹಾರಾಷ್ಟ್ರದಲ್ಲಿ ಕಟುಮದ್ಯಕ್ಕೆ 25 ವರ್ಷ, ಗೋವಾದಲ್ಲಿ 21. ರಾಯಲ್ ಕೆರಿಬಿಯನ್ ಹಡಗುಗಳಲ್ಲಿ ಅಮೆರಿಕದಿಂದ ಹೊರಟರೆ 21, ಏಷ್ಯಾದಿಂದ ಹೊರಟರೆ 18. ಸಿಂಗಪುರದಿಂದ ಹೊರಡುವಾಗ ಕಾಲೇಜಿನ ಎರಡನೆಯ ವರ್ಷದಲ್ಲಿರುವ ಮಗನೋ ಮಗಳೋ ತಂದೆತಾಯಿಯರ ಕ್ಯಾಬಿನ್ನಿನಲ್ಲೇ ಇದ್ದರೆ, ಆ ಮಗುವೂ ಈ ನಿಯಮದ ದೃಷ್ಟಿಯಲ್ಲಿ ವಯಸ್ಕನೇ. ತಂದೆಯ ಎರಡು ಲೋಟಕ್ಕಾಗಿ 19 ವರ್ಷದ ಮಗನ ಹೆಸರಿನಲ್ಲೂ ಮದ್ಯದ ಪ್ಯಾಕೇಜ್ ಕೊಳ್ಳಬೇಕಾಗುತ್ತದೆ. ಮೂವರದು ಸೇರಿ ನಾಲ್ಕು ರಾತ್ರಿಗಳಿಗೆ 991.20 ಡಾಲರ್. ಕೊಂಡಮೇಲೆ ಮಗನು ಅದನ್ನು ಬಳಸಬಾರದೆಂದು ಹೇಳಲು ತಂದೆಗೆ ಬಾಯಿ ಎಲ್ಲಿಂದ ಬರಬೇಕು?

ಇಲ್ಲಿ ಹಣಕ್ಕಿಂತ ಮಿಗಿಲಾದ ಮಾತೊಂದಿದೆ. ಗುಜರಾತಿನಲ್ಲಿ ಬಾಳುವ ನಮ್ಮ ಮನೆಗಳಲ್ಲಿ ಕುಡಿತದ ವಿಷಯ ಊಟದ ಮೇಜಿಗೆ ಬರುವುದೇ ಇಲ್ಲ. ಅಂಗಡಿಯಿಲ್ಲ, ಬಾರಿಲ್ಲ; ಇದ್ದ ಅಭ್ಯಾಸ ಬೆಂಗಳೂರಿಗೋ ದಮನ್‌ಗೋ ಕಚೇರಿ ಕೆಲಸದ ಮೇಲೆ ಹೋದಾಗಿನ ಗುಟ್ಟು. ಅತ್ತೆ ಮಾವಂದಿರ ಎದುರಿಗೆ ಅದು ಇಲ್ಲವೆಂದೇ ಅರ್ಥ. ಹಡಗಿನ ಈ ನಿಯಮವು ಒಬ್ಬರ ಖಾಸಗಿ ಅಭ್ಯಾಸವನ್ನು ಕೋಣೆಯವರೆಲ್ಲರ ಬಾಬ್ತನ್ನಾಗಿ ಮಾಡುತ್ತದೆ. ಟಿಕೆಟ್ಟು ಕಾದಿರಿಸುವ ಹಂತದಲ್ಲೇ ಮಗನು ತಾಯಿಯ ಹೆಸರಿನ ಮುಂದೆ ಮದ್ಯದ ಪ್ಯಾಕೇಜಿಗೆ ಗುರುತು ಹಾಕಬೇಕಾಗಿ ಬರುವುದನ್ನು ಊಹಿಸಿಕೊಳ್ಳಿ. ಕೆಲವರು ಹೇಳದೆ ಹಣ ಕಟ್ಟಿಬಿಡುತ್ತಾರೆ. ಹಡಗು ಹತ್ತಿದ ಸಂಜೆ ತಾಯಿಯ ಕೈಗೆ ಬರುವ ಕಾರ್ಡಿನ ಮೇಲೆ ಅದರ ಗುರುತು ಇರುತ್ತದೆ, ಮಾತು ಅಲ್ಲಿ ಹೊರಬೀಳುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇಂಥ ಮಾತನ್ನು ಆಡುವುದಿದ್ದರೆ ಮನೆಯಲ್ಲಿ, ಕೊಳ್ಳುವ ಮೊದಲು ಆಡಬೇಕು. ಆಡಲಾಗದಿದ್ದರೆ ಕೊಳ್ಳಬಾರದು. ಕುಡಿಯುವವರು ತಮಗೆ ಬೇಕಾದುದನ್ನು ಬಿಡಿಯಾಗಿ ಕೊಂಡುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಗರ್ಭಿಣಿಯರು, ಔಷಧ ಸೇವಿಸುತ್ತಿರುವವರು, ಮದ್ಯವನ್ನು ಮುಟ್ಟದವರು ಜೊತೆಗಿದ್ದರೆ, ಅವರಿಗೆ ಮದ್ಯದ ಬದಲು ಮದ್ಯರಹಿತ ಪ್ಯಾಕೇಜ್ ಸಾಕೆಂದು ಕೆಲವು ಕಂಪನಿಗಳು ಕೇಳಿದಾಗ ಒಪ್ಪುವುದುಂಟು. ಇದು ಜಾಲತಾಣದಲ್ಲಿ ಕಾಣುವುದಿಲ್ಲ. ಫೋನಿನಲ್ಲಿಯೋ ಏಜೆಂಟರ ಮೂಲಕವೋ ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯತಕ್ಕದ್ದು. ಹಿರಿಯರಿಗೆ ಬೇರೆ ಕ್ಯಾಬಿನ್ ಇದ್ದರೆ ಈ ತೊಡಕೇ ಇಲ್ಲ.

ಕಾಫಿಯ ಪ್ರಶ್ನೆ

ನಮ್ಮ ಓದುಗರಲ್ಲಿ ಬಹುಸಂಖ್ಯಾತರಿಗೆ ನಿಜವಾದ ಪ್ರಶ್ನೆ ಮದ್ಯರಹಿತ ಪ್ಯಾಕೇಜಿನದು. ಅದು ದಿನಕ್ಕೆ 29 ಡಾಲರ್ ಎಂದರೆ ಸೇವಾಶುಲ್ಕ ಸೇರಿ 34.22. ಎರಡು ಕ್ಯಾಪುಚಿನೋ 11.80, ಹಿಂಡಿದ ಕಿತ್ತಳೆ ರಸ 5.90, ಬಾಟಲಿ ನೀರು 4.72, ಒಂದು ಮಾಕ್‌ಟೇಲ್ 9.44, ಒಟ್ಟು 31.86. ಇಷ್ಟನ್ನು ದಿನವೂ ತಪ್ಪದೆ ಕುಡಿದರೂ ಹಣ ಇನ್ನೂ ಪೂರ್ತಿ ಬಂದಿಲ್ಲ. ಮೂರನೆಯ ಕಾಫಿ ಬೇಕು. ದಿನಕ್ಕೆ ಎರಡು ಮೂರು ಮಾಕ್‌ಟೇಲ್ ಕುಡಿಯುವ ಹರೆಯದವರಿಗೆ ಇದು ಲಾಭವಾಗಬಹುದು. ಅಜ್ಜಿಗೆ ಆಗುವುದಿಲ್ಲ. ಮಧುಮೇಹ ಇರುವ ಹಿರಿಯರಿಗಂತೂ ಸಕ್ಕರೆ ಪಾಕದ ಪಾನೀಯಗಳನ್ನು ‘ಹಣ ಕೊಟ್ಟಾಗಿದೆ, ಕುಡಿ’ ಎಂದು ಮುಂದಿಡುವುದು ಹಿತವಲ್ಲ. ಮದ್ಯರಹಿತ ಪ್ಯಾಕೇಜಿಗೆ ಕೋಣೆಯವರೆಲ್ಲ ಕೊಳ್ಳಬೇಕೆಂಬ ನಿಯಮ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಬೇಕಾದವರಿಗೆ ಮಾತ್ರ ಕೊಳ್ಳಬಹುದು.

ಇನ್ನು ಫಿಲ್ಟರ್ ಕಾಫಿ. ಹಡಗಿನಲ್ಲಿ ಯಾವ ಪ್ಯಾಕೇಜ್ ಕೊಂಡರೂ ಅದು ಸಿಗುವ ಭರವಸೆಯಿಲ್ಲ! ಉಚಿತ ಕಾಫಿ ನಮ್ಮ ನಾಲಿಗೆಗೆ ನೀರು. ಹಣ ಕೊಟ್ಟ ಕ್ಯಾಪುಚಿನೋ ನೊರೆ. ಕ್ಯಾಬಿನ್ನಿನಲ್ಲಿ ಕಾಯಿಸಲು ವಿದ್ಯುತ್ ಉಪಕರಣ ಒಯ್ಯುವುದನ್ನು ಬೆಂಕಿಯ ಭಯದಿಂದ ನಿಷೇಧಿಸಿದ್ದಾರೆ, ಆದ್ದರಿಂದ ಆ ಪ್ರಯತ್ನ ಬೇಡ. ಆದರೆ ಊಟದ ಸಭಾಂಗಣದಲ್ಲಿ ಬಿಸಿನೀರೂ ಹಾಲೂ ಉಚಿತವಾಗಿ ದೊರೆಯುವುದರಿಂದ, ಮೊಹರು ಒಡೆಯದ ಇನ್‌ಸ್ಟಂಟ್ ಕಾಫಿಯ ಪೊಟ್ಟಣಗಳನ್ನು ಒಯ್ದರೆ ಕೆಲಸ ನಡೆಯುತ್ತದೆ. ಹಿತ್ತಾಳೆಯ ಲೋಟ ಬಟ್ಟಲುಗಳನ್ನೂ ಒಯ್ಯುವವರಿದ್ದಾರೆ. ಹಿಂದಿನ ಕಾಲದಲ್ಲಿ ಮಂಗಳೂರಿನ ಕಡೆಯಿಂದ ಮುಂಬಯಿಗೆ ಸ್ಟೀಮರಿನಲ್ಲಿ ಹೋಗುತ್ತಿದ್ದವರು ಬುತ್ತಿಯನ್ನೇ ಕಟ್ಟಿಕೊಂಡು ಹೋಗುತ್ತಿದ್ದರಲ್ಲವೆ?

ತಂಪು ಪಾನೀಯಗಳ ಬಗೆಗೂ ಹೀಗೆಯೇ ಒಂದು ಅನುಕೂಲವಿದೆ. ರಾಯಲ್ ಕೆರಿಬಿಯನ್ ಕಂಪನಿಯು ಹಡಗೇರುವ ದಿನ ಕೈಚೀಲದಲ್ಲಿ ಒಂದು ಕ್ಯಾಬಿನ್ನಿಗೆ ಹನ್ನೆರಡರವರೆಗೆ ಮದ್ಯರಹಿತ ಪಾನೀಯಗಳ ಡಬ್ಬಿ ಅಥವಾ ಬಾಟಲಿಗಳನ್ನು ಒಯ್ಯಲು ಬಿಡುತ್ತ ಬಂದಿದೆ. ಬೇರೆ ಕಂಪನಿಗಳ ನಿಯಮ ಬೇರೆ, ಕೇಳಿಯೇ ಒಯ್ಯಬೇಕು.

ಹಣ ಕೊಟ್ಟಮೇಲಿನ ಮನಸ್ಸು

ಲೆಕ್ಕ ಇಷ್ಟು ಸ್ಪಷ್ಟವಿದ್ದರೂ ಜನರು ಪ್ಯಾಕೇಜ್ ಕೊಳ್ಳುವುದೇಕೆ? ಪ್ರತಿ ಬಾರಿ ಬಿಲ್ಲಿಗೆ ಸಹಿ ಹಾಕುವ ಕಿರಿಕಿರಿ ಬೇಡವೆಂಬ ಆಸೆ ಒಂದು. ನಾವು ಬಹಳ ಕುಡಿಯುತ್ತೇವೆ, ಬಹಳ ಸುಖಪಡುತ್ತೇವೆ ಎಂಬ ಮುಂಗಡ ಊಹೆ ಇನ್ನೊಂದು. ಡೆಲ್ಲವಿಗ್ನಾ ಮತ್ತು ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ವ್ಯಾಯಾಮಶಾಲೆಗಳ ಸದಸ್ಯರನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಪ್ರಬಂಧ ಇಲ್ಲಿ ನೆನಪಾಗುತ್ತದೆ. ಪ್ರತಿ ಭೇಟಿಗೆ 10 ಡಾಲರಿನ ಪಾಸು ದೊರೆಯುತ್ತಿದ್ದರೂ ತಿಂಗಳಿಗೆ 70 ಡಾಲರಿಗೂ ಹೆಚ್ಚು ಕೊಟ್ಟು ಸದಸ್ಯರಾದವರು, ಹೋಗುವುದು ಕಡಿಮೆಯಾದ್ದರಿಂದ, ಪ್ರತಿ ಭೇಟಿಗೆ 17 ಡಾಲರಿಗಿಂತ ಹೆಚ್ಚು ತೆತ್ತಂತಾಗಿತ್ತು. ಮುಂದಿನ ದಿನಗಳ ತಮ್ಮನ್ನು ಕುರಿತು ಜನರು ಹೆಚ್ಚಾಗಿಯೇ ಊಹಿಸುತ್ತಾರೆ.

ಆದರೆ ವ್ಯಾಯಾಮಶಾಲೆಗೆ ಹೋಗದಿದ್ದರೆ ಹಣ ಮಾತ್ರ ಹೋಯಿತು. ಹಡಗಿನ ಬಾರಿನಲ್ಲಿ ಅದಕ್ಕೆ ವಿರುದ್ಧವಾದ ಅಪಾಯವಿದೆ: ಕೊಟ್ಟ ಹಣವನ್ನು ವಸೂಲು ಮಾಡಲು ಕುಡಿಯುವುದು. ಮನೆಯಲ್ಲಿ ತಿಂಗಳಿಗೊಮ್ಮೆಯೂ ಕುಡಿಯದ ವ್ಯಕ್ತಿ ಮಧ್ಯಾಹ್ನ ಹನ್ನೆರಡಕ್ಕೇ ಲೆಕ್ಕ ಹಾಕಲು ತೊಡಗುತ್ತಾನೆ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿತು. ಅದನ್ನು ಪಾಲಿಸುವುದು ಬಿಡುವುದು ಅವರವರ ಇಚ್ಛೆ. ಆದರೆ ದಿನಕ್ಕೆ ಐದು, ಎಂಟು ಎಂಬ ಸಂಖ್ಯೆಯನ್ನು ದುಡ್ಡು ನಿರ್ಧರಿಸುವುದು ವಿಚಿತ್ರ. ಅಲೆಗೆ ಹೊಟ್ಟೆ ತೊಳಸುವವರು ಇನ್ನೂ ಜಾಗ್ರತೆಯಿಂದಿರಬೇಕು. ವಾಂತಿ ತಡೆಗೆಂದು ನಮ್ಮಲ್ಲಿ ಬಳಸುವ ಅವೊಮಿನ್ ಮೊದಲಾದ ಮಾತ್ರೆಗಳೇ ಮಂಪರು ತರುವಂಥವು. ಮದ್ಯ ಸೇರಿದರೆ ಅದು ಹೆಚ್ಚುತ್ತದೆ. ಹಡಗು ತೂಗಾಡುವ ದಿನ ಮೆಟ್ಟಿಲಿನ ಮೇಲೆ ಹಿರಿಯರು ಬೀಳಲು ಇಷ್ಟು ಸಾಕು. ಅಂಥ ದಿನ ಮಾತ್ರೆ ನುಂಗಿ ಮಲಗಿದವರ ಪ್ಯಾಕೇಜಿನ ಹಣ ಹಿಂದೆ ಬರುವುದಿಲ್ಲವೆಂಬುದು ಬೇರೆ ಮಾತು.

ಮರಳುವ ದಾರಿ

ಗುಜರಾತಿನ ನಿವಾಸಿಗಳಾದ ನಮಗೆ ಮಾತ್ರ ಅನ್ವಯಿಸುವ ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಲೇಬೇಕು. 1949ರ ಮುಂಬಯಿ ಪಾನನಿಷೇಧ ಕಾಯಿದೆ 1960ರ ಮೇ 1ರಂದು ಗುಜರಾತ್ ಬೇರೆ ರಾಜ್ಯವಾದ ಮೇಲೂ ಇಲ್ಲಿ ಮುಂದುವರಿಯಿತು. 2011ರಲ್ಲಿ ಅದರ ಹೆಸರು ಗುಜರಾತ್ ಪಾನನಿಷೇಧ ಕಾಯಿದೆ ಎಂದಾಯಿತು. 2023ರ ಡಿಸೆಂಬರಿನಲ್ಲಿ ಗಾಂಧಿನಗರದ ಗಿಫ್ಟ್ ಸಿಟಿಗೆ ಮಾತ್ರ ಕೆಲವು ಸಡಿಲಿಕೆಗಳು ದೊರೆತವು. ಪರ್ಮಿಟ್ ಇಲ್ಲದೆ ಮದ್ಯವನ್ನು ರಾಜ್ಯದೊಳಗೆ ತರುವುದು, ಇಟ್ಟುಕೊಳ್ಳುವುದು, ಕುಡಿಯುವುದು ಅಪರಾಧ. ಹಡಗಿನ ಅಂಗಡಿಯಲ್ಲಿ ಅಗ್ಗವೆಂದು ಕೊಂಡ ಬಾಟಲಿಯನ್ನು ವಿದೇಶದಿಂದ ಬರುವಾಗ ಕಸ್ಟಮ್ಸ್‌ನವರು 2 ಲೀಟರಿನವರೆಗೆ ಸುಂಕವಿಲ್ಲದೆ ಬಿಡುತ್ತಾರೆ. ಅದು ಕೇಂದ್ರದ ನಿಯಮ. ಅದನ್ನು ಪರ್ಮಿಟ್ ಇಲ್ಲದೆ ವಡೋದರಾದ ಮನೆಗೆ ಒಯ್ಯಲು ಅದು ರಹದಾರಿಯಲ್ಲ. ಮುಂಬಯಿಯಲ್ಲಿ ಇಳಿದು ರೈಲು ಹತ್ತುವವರಿಗೂ ಇದೇ ಮಾತು. ವಾಪಿಯ ಹೊತ್ತಿಗೆ ನಾವು ಗುಜರಾತಿನೊಳಗೆ ಇರುತ್ತೇವೆ.

ಹಡಗು ಬೆಳಗ್ಗೆ ದಡ ಸೇರುತ್ತದೆ. ಪ್ಯಾಕೇಜಿನ ಕೊನೆಯ ರಾತ್ರಿಯೆಂದು ಮಧ್ಯರಾತ್ರಿ ಮೀರುವವರೆಗೆ ಬಾರಿನಲ್ಲಿ ಕುಳಿತವರು, ಬೆಳಗಿನ ರೈಲಿನಲ್ಲೋ ಸ್ವಂತ ಕಾರಿನಲ್ಲೋ ಮಧ್ಯಾಹ್ನಕ್ಕೆ ಸೂರತ್ ತಲುಪುವಾಗ ರಕ್ತದಲ್ಲಿ ಮದ್ಯದ ಅಂಶ ಉಳಿದಿರುವ ಸಾಧ್ಯತೆಯುಂಟು. ಕಾಯಿದೆಯ 66ನೆಯ ವಿಧಿಯು ರಕ್ತದಲ್ಲಿ ಶೇ. 0.05ರಷ್ಟು ಮದ್ಯಾಂಶ ಕಂಡುಬಂದರೆ ಸಮಜಾಯಿಷಿ ಕೊಡುವ ಭಾರವನ್ನು ಆ ವ್ಯಕ್ತಿಯ ಮೇಲೆ ಹೊರಿಸುತ್ತದೆ. ದಮನ್ ಕಡೆಯಿಂದ ಬರುವ ವಾಹನಗಳನ್ನು, ವಿಶೇಷವಾಗಿ ಡಿಸೆಂಬರ್ ಕೊನೆಯಲ್ಲಿ, ಪೊಲೀಸರು ತಪಾಸಣೆ ಮಾಡುವುದು ನಮಗೆಲ್ಲ ತಿಳಿದದ್ದೇ. ಕೊನೆಯ ರಾತ್ರಿಯನ್ನು ಲೆಕ್ಕದಿಂದ ಬಿಟ್ಟುಬಿಟ್ಟರೆ ಪ್ಯಾಕೇಜಿನ ಲಾಭ ಇನ್ನೂ ಇಳಿಯುತ್ತದೆ.

ಹಾಗಾದರೆ ಯಾರು ಕೊಳ್ಳಬಹುದು? ಕ್ಯಾಬಿನ್ನಿನ ಇಬ್ಬರೂ ಕುಡಿಯುವವರಾಗಿದ್ದು, ದಡಕ್ಕೆ ಹೆಚ್ಚು ಇಳಿಯದೆ ಸಮುದ್ರದಲ್ಲೇ ಕಳೆಯುವ ದಿನಗಳು ಹೆಚ್ಚಾಗಿದ್ದು, ಬೆಲೆ ರಿಯಾಯಿತಿಯಲ್ಲಿ ದೊರೆತರೆ ಅವರಿಗೆ ಮದ್ಯದ ಪ್ಯಾಕೇಜ್ ನಷ್ಟವಾಗದು. ದಿನಕ್ಕೆ ಮೂರು ನಾಲ್ಕು ಮಾಕ್‌ಟೇಲ್ ಕುಡಿಯುವ ಮಕ್ಕಳಿಗೆ ಮದ್ಯರಹಿತ ಪ್ಯಾಕೇಜ್ ಒಪ್ಪಬಹುದು. ಇವರನ್ನು ಬಿಟ್ಟರೆ ನಮ್ಮ ಸಾಮಾನ್ಯ ಕುಟುಂಬಕ್ಕೆ ಬಿಡಿಯಾಗಿ ಕೊಳ್ಳುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮುಂಬಯಿಯಿಂದ ಹೊರಡುವ ಎರಡು ಮೂರು ರಾತ್ರಿಗಳ ಪ್ರಯಾಣದಲ್ಲಂತೂ ಮೊದಲ ದಿನ ಹತ್ತುವುದರಲ್ಲಿ, ಕೊನೆಯ ದಿನ ಇಳಿಯುವುದರಲ್ಲಿ ಕಳೆಯುತ್ತದೆ. ಅಲ್ಲಿಯ ರೂಪಾಯಿ ದರದ ಮೇಲೆ ತೆರಿಗೆ ಸೇರಿದೆಯೋ ಇಲ್ಲವೋ ನೋಡಿಕೊಂಡು ಮೇಲಿನಂತೆಯೇ ಭಾಗಿಸಿ ನೋಡಿ.

ಕೊಳ್ಳುವುದೆಂದು ನಿಶ್ಚಯಿಸಿದವರು ಹೊರಡುವ ಮೊದಲೇ ಕೊಳ್ಳುವುದು ಒಳಿತು, ಹಡಗಿನೊಳಗೆ ಬೆಲೆ ಸಾಮಾನ್ಯವಾಗಿ ಹೆಚ್ಚು. ಮುಂಗಡ ಕೊಂಡದ್ದನ್ನು ಹೊರಡುವ ಮುನ್ನ ರದ್ದುಗೊಳಿಸಲು ಹಲವು ಕಂಪನಿಗಳು ಅವಕಾಶ ಕೊಡುವುದರಿಂದ, ಆಮೇಲೆ ಬೆಲೆ ಇಳಿದರೆ ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳಬಹುದು. ಬಿಡಿಯಾಗಿ ಕೊಳ್ಳುವವರು ಪ್ರತಿ ರಾತ್ರಿ ಮಲಗುವ ಮುನ್ನ ಹಡಗಿನ ಆ್ಯಪಿನಲ್ಲಿಯೋ ಸ್ವಾಗತ ಕಟ್ಟೆಯಲ್ಲಿಯೋ ಆ ದಿನದ ಬಿಲ್ಲನ್ನು ನೋಡಿಕೊಳ್ಳತಕ್ಕದ್ದು. ಮಕ್ಕಳ ಕಾರ್ಡಿನಿಂದ ಕೊಳ್ಳುವ ಅವಕಾಶವನ್ನು ನಿಲ್ಲಿಸಬೇಕೆಂದಿದ್ದರೆ ಅದನ್ನೂ ಮೊದಲ ಸಂಜೆಯೇ ಆ ಕಟ್ಟೆಯಲ್ಲಿ ಹೇಳಿದರೆ ಮಾಡಿಕೊಡುತ್ತಾರೆ.